ಸಹಿ ಹಾಕಿಸುವ ಮೊದಲು: ಆರೋಗ್ಯ ಸಂಶೋಧನೆಯ ಬಗ್ಗೆ ಆರೈಕೆ ಕಾರ್ಯಕರ್ತರ ಪ್ರಶ್ನೆಗಳು

ಆರೋಗ್ಯ ಸಂಶೋಧನೆಗೆಂದು ಬರುವ ತಂಡಗಳೊಡನೆ ಕೆಲಸ ಮಾಡಿದ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಹಾಸ್ಟೆಲ್ ಸಿಬ್ಬಂದಿ, ಅಂಗವಿಕಲರ ಮತ್ತು ವೃದ್ಧರ ಆರೈಕೆಯಲ್ಲಿರುವವರು ತಮ್ಮ ಸಂದೇಹಗಳನ್ನು ಬರೆದು ಕಳಿಸಬೇಕೆಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಏಳಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರನ್ನೂ ಊರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಆಶಾ ಕಾರ್ಯಕರ್ತೆ. ಎರಡು ತಿಂಗಳ ಹಿಂದೆ ಒಂದು ಕಾಲೇಜಿನ ತಂಡ ಬಂದು, ನನ್ನ ಪಟ್ಟಿಯಲ್ಲಿರುವ ಗರ್ಭಿಣಿಯರ ಮನೆಗಳನ್ನು ತೋರಿಸಲು ಹೇಳಿತು. ಪಿಎಚ್‌ಸಿಯಲ್ಲಿ ‘ಸಹಕಾರ ಕೊಡಿ’ ಎಂದಷ್ಟೇ ಹೇಳಿದ್ದರು. ಇಪ್ಪತ್ತೆರಡು ಮನೆಗೆ ಹೋದೆವು. ರಕ್ತ ತೆಗೆದುಕೊಂಡು, ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೊರಟುಹೋದರು. ಈಗ ಹೆಂಗಸರು ಸಿಕ್ಕಾಗಲೆಲ್ಲ ‘ಅಕ್ಕಾ, ನಮ್ಮ ರಕ್ತದ ರಿಪೋರ್ಟ್ ಎಲ್ಲಿ?’ ಎಂದು ನನ್ನನ್ನೇ ಕೇಳುತ್ತಾರೆ. ನಾನು ಆಗ ಏನು ಕೇಳಬೇಕಿತ್ತು?

ಉತ್ತರ: ಆ ಇಪ್ಪತ್ತೆರಡು ಹೆಂಗಸರು ತೋಳು ಚಾಚಿದ್ದು ನಿಮ್ಮ ಮುಖ ನೋಡಿ. ತಂಡದವರ ಹೆಸರೂ ಅವರಿಗೆ ಗೊತ್ತಿರಲಾರದು. ತಾಯಿ ಕಾರ್ಡ್ ಮಾಡಿಸಿದವರು, ಕಬ್ಬಿಣಾಂಶದ ಮಾತ್ರೆ ತಂದುಕೊಟ್ಟವರು, ನಡುರಾತ್ರಿ 108ಕ್ಕೆ ಫೋನ್ ಮಾಡಿದವರು ನೀವು. ನೀವು ಯಾರನ್ನಾದರೂ ಮನೆ ಬಾಗಿಲಿಗೆ ಕರೆತಂದರೆ ಅವರು ಸರ್ಕಾರದ ಕಡೆಯವರೇ ಇರಬೇಕು, ಬೇಡವೆಂದರೆ ಮುಂದೆ ಏನಾದರೂ ತೊಂದರೆಯಾದೀತು ಎಂದು ಗರ್ಭಿಣಿಯೊಬ್ಬಳು ಭಾವಿಸುವುದು ಸಹಜ. ಆದ್ದರಿಂದ ‘ಇದು ಸಂಶೋಧನೆ, ನಮ್ಮ ಮಾಮೂಲು ತಪಾಸಣೆಯಲ್ಲ, ನೀನು ಬೇಡವೆಂದರೂ ನಿನ್ನ ತಾಯಿ ಕಾರ್ಡಿಗಾಗಲಿ, ಹೆರಿಗೆಗಾಗಲಿ, ಅಂಗನವಾಡಿಯ ಊಟಕ್ಕಾಗಲಿ ಏನೂ ಆಗುವುದಿಲ್ಲ’ ಎಂಬ ಮಾತನ್ನು ಸೂಜಿ ಹೊರಬರುವ ಮೊದಲೇ, ಅತ್ತೆಯೂ ಗಂಡನೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಇದನ್ನು ತಂಡದವರೇ ಹೇಳಬೇಕಾದದ್ದು ನ್ಯಾಯ. ಅವರು ಹೇಳದಿದ್ದರೆ ನೀವು ಹೇಳಿ.

ಮನೆ ತೋರಿಸುವ ಮೊದಲು ಮಾಹಿತಿ ಪತ್ರವನ್ನೂ ಒಪ್ಪಿಗೆ ಪತ್ರವನ್ನೂ ಕೇಳಿ ಪಡೆದು ಓದಬೇಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯ ಪ್ರಕಾರ ಈ ಪತ್ರಗಳು ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಯಾವ ಕ್ಷಣದಲ್ಲಾದರೂ ಹಿಂದೆ ಸರಿಯಬಹುದೆಂದು ಅವುಗಳಲ್ಲಿ ಬರೆದಿರಬೇಕು, ಒಂದು ಪ್ರತಿ ಸಹಿ ಹಾಕಿದವರ ಕೈಯಲ್ಲಿ ಉಳಿಯಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವುದಾದರೆ, ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಎದುರಿಗೆ ಪೂರ್ತಿ ಓದಿ ಹೇಳಿ, ಆ ಸಾಕ್ಷಿಯ ಸಹಿಯನ್ನೂ ಪಡೆಯಬೇಕು. ಸಾಕ್ಷಿಯ ಜಾಗದಲ್ಲಿ ನಿಮ್ಮಿಂದಲೇ ಸಹಿ ಹಾಕಿಸುವ ರೂಢಿ ಹಲವು ಕಡೆ ಇದೆ. ತಂಡದ ಪರವಾಗಿ ಓಡಾಡುತ್ತಿರುವವರು ನಿಷ್ಪಕ್ಷಪಾತ ಸಾಕ್ಷಿಯಾಗಲು ಬರುವುದಿಲ್ಲ, ಅದನ್ನು ಒಪ್ಪಬೇಡಿ. ಪತ್ರದಲ್ಲಿ ಮುಖ್ಯ ಸಂಶೋಧಕರ ಫೋನ್ ನಂಬರ್ ಜೊತೆಗೆ, ಯೋಜನೆಗೆ ಅನುಮತಿ ಕೊಟ್ಟ ನೈತಿಕತಾ ಸಮಿತಿಯ ಹೆಸರು ಮತ್ತು ನಂಬರ್ ಕೂಡ ಇರಲೇಬೇಕು. ಔಷಧ ಅಥವಾ ಲಸಿಕೆಯ ಪ್ರಯೋಗವಾಗಿದ್ದರೆ, 2007ರಲ್ಲಿ ಆರಂಭವಾದ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಅದರ ಸಂಖ್ಯೆ ಇರುತ್ತದೆ. ಯಾರು ಬೇಕಾದರೂ ಮೊಬೈಲಿನಲ್ಲೇ ತೆರೆದು ನೋಡಬಹುದು, ದುಡ್ಡು ಕೊಡಬೇಕಿಲ್ಲ.

ನಾನು ಕೆಲವು ವರ್ಷ ಇಂಥದೊಂದು ನೈತಿಕತಾ ಸಮಿತಿಯಲ್ಲಿ ಜನಸಾಮಾನ್ಯರ ಪ್ರತಿನಿಧಿಯಾಗಿ ಕುಳಿತಿದ್ದೆ. ಅಲ್ಲಿಗೆ ಬಂದ ಕನ್ನಡದ ಒಪ್ಪಿಗೆ ಪತ್ರವೊಂದರಲ್ಲಿ ‘ಅಭಿಧಮನಿಯ ವೇಧನದಿಂದ ಮಾದರಿ ಸಂಗ್ರಹಣೆ’ ಎಂದಿತ್ತು. ‘ತೋಳಿನ ನರದಿಂದ ಒಂದು ಚಮಚದಷ್ಟು ರಕ್ತ ತೆಗೆಯುತ್ತೇವೆ’ ಎಂದು ತಿದ್ದಿಸಲು ಎರಡು ಸಭೆ ಬೇಕಾಯಿತು. ಕನ್ನಡದಲ್ಲಿದೆ ಎಂದ ಮಾತ್ರಕ್ಕೆ ಪತ್ರ ಅರ್ಥವಾಗುತ್ತದೆಂದು ಭಾವಿಸಬೇಡಿ. ಮೊದಲು ನೀವೇ ಓದಿ ನೋಡಿ, ನಿಮಗೆ ತೊಡಕಾದ ಸಾಲು ನಿಮ್ಮ ಓಣಿಯಲ್ಲಿ ಯಾರಿಗೂ ಸಲೀಸಾಗದು.

ಈಗ ಮಾಡಬೇಕಾದದ್ದೂ ಇದೆ. ತಂಡದ ಮುಖ್ಯಸ್ಥರ ಹೆಸರು ಮತ್ತು ಅನುಮತಿ ಪತ್ರದ ಪ್ರತಿಯನ್ನು ಕೊಡಿಸಬೇಕೆಂದು ವೈದ್ಯಾಧಿಕಾರಿಗಳಿಗೆ ಒಂದು ಪುಟದ ಅರ್ಜಿ ಬರೆದು, ಸ್ವೀಕೃತಿಯ ಸಹಿ ಪಡೆಯಿರಿ. ಹೆಂಗಸರು ವರದಿ ಕೇಳುತ್ತಿದ್ದಾರೆಂಬುದೂ ಅದರಲ್ಲಿರಲಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಬಂದಿದ್ದರೆ ಆ ಗರ್ಭಿಣಿಗೆ ಅದು ಈಗಲೇ ಗೊತ್ತಾಗಬೇಕು, ಪ್ರಬಂಧ ಅಚ್ಚಾದ ಮೇಲಲ್ಲ. ಉತ್ತರಕ್ಕಾಗಿ ಕಾಯದೆ, ಪ್ರತಿ ತಿಂಗಳ 9ನೇ ತಾರೀಖಿನಂದು ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಅವರನ್ನು ಕರೆದುಕೊಂಡು ಹೋಗಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಸರ್ವೆ ಕೆಲಸಕ್ಕೆ ನಮ್ಮನ್ನು ಇಡೀ ದಿನ ಓಡಾಡಿಸುತ್ತಾರೆ. ದುಡ್ಡು ಕೇಳಿದರೆ ‘ಇದು ಸೇವೆ’ ಎನ್ನುತ್ತಾರೆ. ಕೇಳುವುದು ತಪ್ಪೇ? (ಆಶಾ ಕಾರ್ಯಕರ್ತೆ, ತುಮಕೂರು ಜಿಲ್ಲೆ)

ಉತ್ತರ: ತಪ್ಪಲ್ಲ. ನಿಮ್ಮ ಆದಾಯದ ಒಂದು ಭಾಗ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನದಿಂದ ಬರುವುದರಿಂದ, ಸಂಶೋಧನೆಗೆ ಕೊಟ್ಟ ದಿನ ಮನೆಯ ಆದಾಯದಲ್ಲಿ ಕಳೆದುಹೋದ ದಿನ. ತಂಡದ ಬಜೆಟ್ಟಿನಲ್ಲಿ ವಾಹನಕ್ಕೆ, ಲ್ಯಾಬಿಗೆ, ಕಂಪ್ಯೂಟರಿಗೆ ಹಣವಿರುತ್ತದೆ. ನಿಮ್ಮ ಹೆಸರಿನಲ್ಲೂ ಒಂದು ಸಾಲು ಇರಬೇಕು. ಆದರೆ ದಿನದ ಲೆಕ್ಕದಲ್ಲಿ ಕೇಳಿ, ತಲೆ ಲೆಕ್ಕದಲ್ಲಿ ಬೇಡ. ‘ಒಬ್ಬರನ್ನು ಸೇರಿಸಿದರೆ ಇಷ್ಟು’ ಎಂದು ಒಪ್ಪಿಕೊಂಡರೆ, ಬೇಡವೆನ್ನುವ ಹೆಂಗಸನ್ನು ಇನ್ನೊಂದು ಸಲ ಒತ್ತಾಯಿಸಬೇಕೆನ್ನಿಸುವುದು ಮನುಷ್ಯ ಸಹಜ. ಮಾತು ಕಾಗದದಲ್ಲಿರಲಿ, ಹಣ ಬ್ಯಾಂಕ್ ಖಾತೆಗೆ ಬರಲಿ.

ಪ್ರಶ್ನೆ: ನಾನು ಬಾಲಕಿಯರ ಹಾಸ್ಟೆಲ್ ಒಂದರ ವಾರ್ಡನ್. ಹದಿಹರೆಯದವರ ಬಗ್ಗೆ ಅಧ್ಯಯನ ಮಾಡುವ ತಂಡವೊಂದು ಮಕ್ಕಳ ರಕ್ತ ಪರೀಕ್ಷೆ ಮತ್ತು ಸಂದರ್ಶನ ನಡೆಸಬೇಕೆಂದಿದೆ. ತಂದೆತಾಯಿಗಳು ದೂರದ ತಾಂಡಾಗಳಲ್ಲಿದ್ದಾರೆ, ಕೆಲವರು ದುಡಿಯಲು ಗೋವಾಕ್ಕೆ ಹೋಗಿದ್ದಾರೆ. ‘ನೀವೇ ಪೋಷಕರ ಜಾಗದಲ್ಲಿ ಸಹಿ ಮಾಡಿ’ ಎನ್ನುತ್ತಾರೆ. ಮಾಡಬಹುದೇ?

ಉತ್ತರ: ಮಾಡಬೇಡಿ. ಈ ಒಂದು ವಿಷಯದಲ್ಲಿ ನಾನು ಇಷ್ಟು ಖಂಡಿತವಾಗಿ ಹೇಳಲು ಕಾರಣ ನಮ್ಮ ಪಕ್ಕದ ರಾಜ್ಯದಲ್ಲೇ ನಡೆದ ಒಂದು ಘಟನೆ.

2009ರಲ್ಲಿ ಅಮೆರಿಕ ಮೂಲದ ಪಾಥ್ ಸಂಸ್ಥೆ, ಐಸಿಎಂಆರ್ ಮತ್ತು ರಾಜ್ಯ ಸರ್ಕಾರಗಳ ಜೊತೆಗೂಡಿ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಹಾಕುವ ಅಧ್ಯಯನ ಕೈಗೊಂಡಿತು. ಖಮ್ಮಂನಲ್ಲಿ ಲಸಿಕೆ ಪಡೆದವರಲ್ಲಿ ಹಲವರು ಹಾಸ್ಟೆಲ್ಲುಗಳಲ್ಲಿದ್ದ ಬುಡಕಟ್ಟು ಮಕ್ಕಳು. ಎರಡೂ ರಾಜ್ಯ ಸೇರಿ ಏಳು ಮಕ್ಕಳು ತೀರಿಕೊಂಡ ಸುದ್ದಿ ಬಂದು, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಕಾಗದಗಳನ್ನು ತೆರೆದು ನೋಡಿದಾಗ ಬೇರೊಂದು ಸಂಗತಿ ಹೊರಬಿತ್ತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಸಲ್ಲಿಸಿದ ವರದಿಯ ಪ್ರಕಾರ, ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರ ಮೇಲೆ ಹೆಬ್ಬೆಟ್ಟಿನ ಗುರುತಿತ್ತು, 2,763ರ ಮೇಲೆ ಹಾಸ್ಟೆಲ್ ವಾರ್ಡನ್‌ಗಳ ಸಹಿಯಿತ್ತು. ಆ ವಾರ್ಡನ್‌ಗಳು ಕೆಟ್ಟವರಾಗಿದ್ದರೆಂದು ನಾನು ನಂಬುವುದಿಲ್ಲ. ಮೇಲಿನವರು ಹೇಳಿದರು, ಮಕ್ಕಳಿಗೆ ಒಳ್ಳೆಯದಾಗುತ್ತದೆಂದರು, ಕಾಗದದ ಕಟ್ಟು ಮುಂದಿತ್ತು; ನೀವು ಈಗ ನಿಂತಿರುವ ಜಾಗದಲ್ಲೇ ಅವರೂ ನಿಂತಿದ್ದರು. ಒಳ್ಳೆಯ ಲಸಿಕೆಯೊಂದರ ಮೇಲೆ ಜನರಿಗೆ ವರ್ಷಗಟ್ಟಲೆ ಅನುಮಾನ ಉಳಿಯಲು ಆ ಕಾಗದಗಳೂ ಕಾರಣವಾದವು ಎಂಬುದು ನನಗೆ ಇಂದಿಗೂ ನೋವಿನ ವಿಷಯ.

ಹಾಸ್ಟೆಲಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ನಿಮ್ಮದು. ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವುದು, ಶಾಲಾ ಮಕ್ಕಳಿಗಾಗಿ ಸರ್ಕಾರ ನಡೆಸುವ ಬಾಲ ಸ್ವಾಸ್ಥ್ಯ ತಪಾಸಣೆಗೆ ಏರ್ಪಾಡು ಮಾಡುವುದು, ವಾರದ ಕಬ್ಬಿಣಾಂಶದ ಮಾತ್ರೆ ನುಂಗಿಸುವುದು ಅದರಲ್ಲಿ ಬರುತ್ತವೆ. ಸಂಶೋಧನೆಗೆ ಒಪ್ಪಿಗೆ ಕೊಡುವ ಅಧಿಕಾರ ಅದರಲ್ಲಿ ಬರುವುದಿಲ್ಲ, ಅದು ತಂದೆತಾಯಿಗಳದು ಅಥವಾ ಕಾನೂನುಬದ್ಧ ಪೋಷಕರದು. ಅದರ ಜೊತೆಗೆ ಮಗುವಿನ ಸಮ್ಮತಿಯೂ ಬೇಕು: 7ರಿಂದ 12ರ ನಡುವಿನವರದು ಬಾಯಿಮಾತಿನಲ್ಲಿ, 12 ದಾಟಿದವರದು ಬರವಣಿಗೆಯಲ್ಲಿ. ತಂದೆತಾಯಿ ಒಪ್ಪಿದರೂ ಹುಡುಗಿ ‘ಬೇಡ ಮೇಡಂ’ ಎಂದರೆ ಅವಳ ಮಾತನ್ನು ಗೌರವಿಸಬೇಕು.

ಪೋಷಕರು ದೂರವಿದ್ದಾರೆಂಬುದು ತಂಡ ಬಗೆಹರಿಸಿಕೊಳ್ಳಬೇಕಾದ ತೊಂದರೆ. ದೀಪಾವಳಿ ರಜೆಗೆ ಮಕ್ಕಳು ಊರಿಗೆ ಹೋಗುವಾಗ ಮಾಹಿತಿ ಪತ್ರ ಕಳಿಸಲಿ, ಪೋಷಕರ ಸಭೆಯ ದಿನ ಬಂದು ಮಾತಾಡಲಿ, ತಾಂಡಾಗಳಿಗೆ ತಾವೇ ಹೋಗಲಿ. ಅಷ್ಟಕ್ಕೆ ಸಮಯವಿಲ್ಲ ಎನ್ನುವ ತಂಡಕ್ಕೆ ನಿಮ್ಮ ಹಾಸ್ಟೆಲಿನ ಗೇಟು ತೆರೆಯಬೇಕಾಗಿಲ್ಲ. ನಿಮ್ಮ ಇಲಾಖೆಯ ತಾಲ್ಲೂಕು ಅಧಿಕಾರಿಗೆ ಇದನ್ನು ಬರವಣಿಗೆಯಲ್ಲೇ ತಿಳಿಸಿ; ಬಾಯಿಮಾತಿನ ಆದೇಶಕ್ಕೆ ನಾಳೆ ಸಾಕ್ಷಿಯಿರುವುದಿಲ್ಲ.

ಪ್ರಶ್ನೆ: ನಮ್ಮ ಅಂಗನವಾಡಿಯ ತೂಕದ ಪುಸ್ತಕವನ್ನು ನೋಡಿ ಒಬ್ಬ ಸಂಶೋಧಕರು ‘ಇದರಲ್ಲಿ ಅರ್ಧ ಅಂದಾಜಿನ ಲೆಕ್ಕ’ ಎಂದು ಎಲ್ಲರೆದುರು ಹೇಳಿದರು. ಬಹಳ ಅವಮಾನವಾಯಿತು. ಇಷ್ಟೆಲ್ಲ ಕೆಲಸದ ನಡುವೆ ನಾವು ಹೇಗೆ ತೂಗಬೇಕು? (ಅಂಗನವಾಡಿ ಕಾರ್ಯಕರ್ತೆ, ಮೈಸೂರು ಜಿಲ್ಲೆ)

ಉತ್ತರ: ಎಲ್ಲರೆದುರು ಹೇಳಿದ್ದು ಸರಿಯಲ್ಲ, ಆ ಮಾತು ಅವರ ಬಾಯಿಂದ ಬರಬಾರದಿತ್ತು. ನಿಮ್ಮ ಜಿಲ್ಲೆಗೂ ಈ ಪುಸ್ತಕಕ್ಕೂ ಹಳೆಯ ನಂಟಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ನಿಮ್ಮ ತಿರುಮಕೂಡಲು ನರಸೀಪುರಕ್ಕೆ. ಅಂದಿನಿಂದ ಅಂಗನವಾಡಿ ಟೀಚರುಗಳು ಬರೆದಿಟ್ಟ ಅಂಕಿಗಳು ಎಷ್ಟೋ ಅಧ್ಯಯನಗಳಿಗೆ ಆಧಾರವಾಗಿವೆ.

ಆದರೂ ನಿಮ್ಮ ಪುಸ್ತಕವನ್ನು ನೀವೇ ಒಮ್ಮೆ ಸಂಶೋಧಕರ ಕಣ್ಣಿನಿಂದ ನೋಡಿ. ಹೆಚ್ಚಿನ ಮಕ್ಕಳ ತೂಕ 10.0, 10.5, 11.0 ಎಂದೇ ಇದ್ದರೆ, 10.3 ಮತ್ತು 10.7 ಎಲ್ಲೂ ಕಾಣದಿದ್ದರೆ, ಅದು ತಕ್ಕಡಿ ಹೇಳಿದ್ದಲ್ಲ, ಕೈ ದುಂಡು ಮಾಡಿ ಬರೆದದ್ದು ಎಂದು ಅವರಿಗೆ ಕೂಡಲೇ ಗೊತ್ತಾಗುತ್ತದೆ. ಮಗುವೊಂದು ನಾಲ್ಕು ತಿಂಗಳು ಒಂದೇ ಸಮ 200 ಗ್ರಾಂ ಏರಿದ್ದರೂ ಹಾಗೆಯೇ. ಮಕ್ಕಳು ಅಷ್ಟು ಶಿಸ್ತಿನಿಂದ ಬೆಳೆಯುವುದಿಲ್ಲ, ನಡುವೆ ಭೇದಿಯಾಗುತ್ತದೆ, ಜ್ವರ ಬರುತ್ತದೆ, ತೂಕ ಇಳಿಯುತ್ತದೆ.

ತೂಗುವ ಮೊದಲು ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ನೋಡಿ. ತೂಕ ಗೊತ್ತಿರುವ ಒಂದು ವಸ್ತುವನ್ನು, ಒಡೆಯದ ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಆದರೂ ಸರಿ, ವಾರಕ್ಕೊಮ್ಮೆ ಇಟ್ಟು ಪರೀಕ್ಷಿಸಿ. ಸ್ವೆಟರ್, ಟೋಪಿ, ಕಾಲ್ಗೆಜ್ಜೆ, ಉಡಿದಾರಕ್ಕೆ ಕಟ್ಟಿದ ತಾಯತದ ಗೊಂಚಲು ಎಲ್ಲವನ್ನೂ ತೆಗೆಸಲು ಅಜ್ಜಿ ಒಪ್ಪದಿದ್ದರೆ, ತೆಗೆಯದೆ ತೂಗಿದೆ ಎಂದು ಪಕ್ಕದಲ್ಲಿ ಬರೆಯಿರಿ. ಎರಡು ವರ್ಷದೊಳಗಿನ ಮಗುವಿನ ಎತ್ತರವನ್ನು ಮಲಗಿಸಿಯೇ ಅಳೆಯಬೇಕು. ನಿಲ್ಲಿಸಿ ಅಳೆದಿದ್ದರೆ 0.7 ಸೆಂ.ಮೀ. ಸೇರಿಸಬೇಕು. ತೋಳಿನ ಸುತ್ತಳತೆ ನೋಡುವ ಪಟ್ಟಿ 11.5 ಸೆಂ.ಮೀ.ಗಿಂತ ಕಡಿಮೆ ತೋರಿಸಿದರೆ ಅದು ತೀವ್ರ ಅಪೌಷ್ಟಿಕತೆ. ಪಟ್ಟಿಯನ್ನು ಚರ್ಮಕ್ಕೆ ತಾಗುವಷ್ಟು ಮಾತ್ರ ಬಿಗಿ ಮಾಡಿ, ಹಿಂಡಬೇಡಿ. ಇನ್ನೊಂದು ಮಾತು: ತೀವ್ರ ಅಪೌಷ್ಟಿಕ ಮಕ್ಕಳ ಸಂಖ್ಯೆ ಹೆಚ್ಚಾದರೆ ಮೇಲಿನವರು ಬೈಯುತ್ತಾರೆಂಬ ಅಂಜಿಕೆಯಿಂದ ನೂರು ಗ್ರಾಂ ಸೇರಿಸಿ ಬರೆಯುವ ಆಸೆ ಬರುತ್ತದೆ. ಹಾಗೆ ಸೇರಿಸಿದ ನೂರು ಗ್ರಾಂನಿಂದಾಗಿ ಆ ಮಗು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಹೋಗುವ ಅವಕಾಶ ತಪ್ಪಿಸಿಕೊಳ್ಳುತ್ತದೆ.

ಪ್ರಶ್ನೆ: ನಾನು ಮಂಡ್ಯ ಕಡೆಯವಳು, ಇಂಗ್ಲೆಂಡಿನ ವೃದ್ಧರ ಕೇರ್ ಹೋಮ್ ಒಂದರಲ್ಲಿ ಕೇರ್ ವರ್ಕರ್ ಆಗಿದ್ದೇನೆ. ಮರೆವಿನ ರೋಗವಿರುವ ಅಜ್ಜಿಯೊಬ್ಬರನ್ನು ಅಧ್ಯಯನಕ್ಕೆ ಸೇರಿಸಬೇಕೆಂದು ತಂಡ ಬಂದಿದೆ. ‘ನಿಮಗೇ ಅವರು ಚೆನ್ನಾಗಿ ಗೊತ್ತು, ನೀವೇ ಹೇಳಿ’ ಎನ್ನುತ್ತಾರೆ. ವೀಸಾದ ಮೇಲೆ ಬಂದ ನನ್ನಂಥವಳ ಮಾತಿಗೆ ಅಲ್ಲಿ ಬೆಲೆಯಿದೆಯೇ?

ಉತ್ತರ: ಬೆಲೆಯಿದೆ, ಜೊತೆಗೆ ಒಂದು ಗಡಿಯೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಪ್ರಕಾರ, ತಾನೇ ನಿರ್ಧರಿಸುವ ಶಕ್ತಿ ಕಳೆದುಕೊಂಡವರನ್ನು ಸಂಶೋಧನೆಗೆ ಸೇರಿಸುವ ಮೊದಲು ತಂಡದವರು ‘ಕನ್ಸಲ್ಟೀ’ ಎಂಬ ಸಲಹೆಗಾರರನ್ನು ಕೇಳಬೇಕು. ಅವರು ಮೊದಲಿಗೆ ಮಗಳೋ ತಮ್ಮನೋ ಗೆಳತಿಯೋ ಆಗಿರಬೇಕು. ಸಂಬಳಕ್ಕಾಗಿ ಆರೈಕೆ ಮಾಡುವವರು ಆ ಜಾಗದಲ್ಲಿ ನಿಲ್ಲುವಂತಿಲ್ಲ. ಅಂಥ ಆಪ್ತರು ಯಾರೂ ಇಲ್ಲದಿದ್ದರೆ ಮಾತ್ರ, ಯೋಜನೆಗೆ ಸಂಬಂಧವಿಲ್ಲದ ಇನ್ನೊಬ್ಬರನ್ನು ನೇಮಿಸಿಕೊಳ್ಳಲು ಅವಕಾಶವಿದೆ. ಆದ್ದರಿಂದ ತಂಡ ಮೊದಲು ಅಜ್ಜಿಯ ಕುಟುಂಬವನ್ನು ಕೇಳಲಿ ಎಂದು ನಿಮ್ಮ ಮ್ಯಾನೇಜರ್ ಮೂಲಕ ಹೇಳಿಸಿ.

ನಿಮ್ಮ ಮಾತು ನಿಜವಾಗಿ ಬೇಕಾಗುವುದು ಅದಾದ ಮೇಲೆ. ಅದೇ ಕಾಯ್ದೆಯ ಪ್ರಕಾರ, ಒಮ್ಮೆ ಸೇರಿದ ಮೇಲೂ ಆ ವ್ಯಕ್ತಿ ಬಾಯಿಂದಲೋ ಸನ್ನೆಯಿಂದಲೋ ಬೇಡವೆಂದು ತೋರಿಸಿದರೆ ನಿಲ್ಲಿಸಬೇಕು. ಅಜ್ಜಿ ಬೇಸರವಾದಾಗ ಸೆರಗಿನಂತೆ ಶಾಲನ್ನು ಎಳೆದುಕೊಳ್ಳುತ್ತಾರೋ, ಗೋಡೆಯ ಕಡೆ ತಿರುಗುತ್ತಾರೋ, ಟೀ ಲೋಟವನ್ನು ಪಕ್ಕಕ್ಕೆ ಸರಿಸುತ್ತಾರೋ ಎಂಬುದು ದಿನವೂ ಅವರಿಗೆ ಸ್ನಾನ ಮಾಡಿಸುವ ನಿಮಗೆ ಗೊತ್ತು. ಅರ್ಧ ಗಂಟೆಗೆಂದು ಬರುವ ಸಂಶೋಧಕರಿಗೆ ಗೊತ್ತಾಗುವುದಿಲ್ಲ. ಅದನ್ನು ಮೊದಲೇ ಅವರಿಗೆ ಹೇಳಿ, ಕೇರ್ ಪ್ಲಾನಿನಲ್ಲೂ ಬರೆಯಿರಿ.

ನಿಮ್ಮ ಕೊನೆಯ ಮಾತಿಗೆ ಇನ್ನೂ ಒಂದು ಉತ್ತರವಿದೆ. 2020ರ ಕೋವಿಡ್ ಸಮಯದಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಿವಾಲ್ಡಿ ಎಂಬ ಅಧ್ಯಯನಕ್ಕೆ ಐದು ಸಾವಿರಕ್ಕೂ ಹೆಚ್ಚು ಕೇರ್ ಹೋಮ್‌ಗಳು ಮಾಹಿತಿ ಕೊಟ್ಟವು. ಕಾಯಿಲೆ ರಜೆಗೆ ಸಂಬಳ ಸಿಗುವ ಹೋಮ್‌ಗಳಲ್ಲಿ ಸೋಂಕು ಕಡಿಮೆ, ಏಜೆನ್ಸಿಯ ಬದಲಿ ಸಿಬ್ಬಂದಿಯನ್ನು ಪದೇ ಪದೇ ಕರೆಸುವ ಕಡೆ ಹೆಚ್ಚು ಎಂದು ಅದರಲ್ಲಿ ಕಂಡಿತು. ರಜೆ ಹಾಕಿದರೆ ಬಾಡಿಗೆ ಕಟ್ಟಲಾಗದವರು ಕೆಮ್ಮುತ್ತಲೇ ಕೆಲಸಕ್ಕೆ ಬರುತ್ತಾರೆಂಬುದು ಕೇರ್ ವರ್ಕರ್‌ಗಳೆಲ್ಲರಿಗೂ ಗೊತ್ತಿದ್ದ ವಿಷಯವೇ. ಅದು ಅಂಕಿಯಾಗಿ ಕಾಗದಕ್ಕಿಳಿದ ಮೇಲೆ, ಕೆಲಸಗಾರರ ಸಂಬಳದ ಮಾತು ವೃದ್ಧರ ಆರೋಗ್ಯದ ಮಾತೂ ಆಯಿತು.

ಪ್ರಶ್ನೆ: ಹದಿನಾಲ್ಕು ವರ್ಷದಿಂದ ಫಾರಂ ತುಂಬುತ್ತಿದ್ದೇನೆ. ನಮ್ಮಂಥವರು ದುಡಿದ ಯಾವುದಾದರೂ ಸಂಶೋಧನೆಯಿಂದ ಯಾರಿಗಾದರೂ ಉಪಯೋಗವಾಗಿದೆಯೇ? ದಯವಿಟ್ಟು ಸಮಾಧಾನದ ಮಾತು ಬೇಡ, ನಿಜ ಹೇಳಿ. (ಆಶಾ ಸುಗಮಕಾರರು, ಬೆಳಗಾವಿ ಜಿಲ್ಲೆ)

ಉತ್ತರ: ನಿಮ್ಮ ಜಿಲ್ಲೆಯಿಂದಲೇ ಹೇಳುತ್ತೇನೆ. 2002ರಿಂದ 2005ರವರೆಗೆ ಬೆಳಗಾವಿಯ ಹಳ್ಳಿಗಳಲ್ಲಿ, ಅಲ್ಲಿನ ವೈದ್ಯಕೀಯ ಕಾಲೇಜು ಅಮೆರಿಕದ ಸಂಶೋಧಕರ ಜೊತೆಗೂಡಿ ಒಂದು ಪ್ರಯೋಗ ನಡೆಸಿತು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಆಸ್ಪತ್ರೆಯಲ್ಲಿ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ತಂಪಿನಲ್ಲಿಡಬೇಕು. ಕರೆಂಟ್ ಇಲ್ಲದ ಹಳ್ಳಿಯಲ್ಲಿ ಅದು ಕಷ್ಟ. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಬಾಯಲ್ಲಿ ನುಂಗಿಸಿದರೆ ಸಾಕೇ ಎಂಬುದು ಪ್ರಶ್ನೆ. 1,620 ಹೆಂಗಸರನ್ನು ಚೀಟಿ ಎತ್ತಿದ ರೀತಿಯಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ನೋಡಲು ಅದೇ ರೀತಿಯಿದ್ದ ಔಷಧವಿಲ್ಲದ ಮಾತ್ರೆ ಕೊಟ್ಟರು. ಹೆರಿಗೆ ಮಾಡಿಸಿದ್ದು, ಮಾತ್ರೆ ಕೊಟ್ಟದ್ದು, ರಕ್ತ ಅಳೆದದ್ದು 25 ಮಂದಿ ಎಎನ್‌ಎಂಗಳು, ಊರವರು ಸಿಸ್ಟರ್ ಎಂದು ಕರೆಯುವವರು.

ಅಳೆದದ್ದು ಹೇಗೆಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅದುವರೆಗೆ ಹೆರಿಗೆಯಲ್ಲಿ ಎಷ್ಟು ರಕ್ತ ಹೋಯಿತೆಂಬುದನ್ನು ನೆನೆದ ಸೀರೆ, ಚಾಪೆ ನೋಡಿ ಅಂದಾಜು ಮಾಡುತ್ತಿದ್ದರು. ಅಂದಾಜು ಹೆಚ್ಚಾಗಿ ನಿಜಕ್ಕಿಂತ ಕಡಿಮೆಯೇ ಬರುತ್ತಿತ್ತು. ಈ ತಂಡ ಪ್ಲಾಸ್ಟಿಕ್ಕಿನ ಒಂದು ಹಾಳೆಯನ್ನು ರೂಪಿಸಿತು. ಮಗು ಹುಟ್ಟಿದ ಕೂಡಲೇ ಅದನ್ನು ಬಾಣಂತಿಯ ಸೊಂಟದ ಕೆಳಗೆ ಹಾಸಿ ದಾರದಿಂದ ಹೊಟ್ಟೆಗೆ ಕಟ್ಟುತ್ತಾರೆ. ಕೆಳಗಿನ ತುದಿ ಆಲಿಕೆಯಂತೆ ಚೀಲವಾಗಿ ಇಳಿಬಿದ್ದಿರುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳಿರುತ್ತವೆ. ಬುಡ್ಡಿ ದೀಪದ ಬೆಳಕಿನಲ್ಲಾದರೂ ಸಿಸ್ಟರ್ ಬಗ್ಗಿ ಗೆರೆ ಓದಬಹುದು. ಮಾತ್ರೆ ಪಡೆದವರಲ್ಲಿ ಅತಿ ರಕ್ತಸ್ರಾವ ಶೇ. 6.4ರಷ್ಟು, ಪಡೆಯದವರಲ್ಲಿ ಶೇ. 12. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದಾಗ ಮುಂದಿಟ್ಟುಕೊಂಡ ಸಾಕ್ಷ್ಯಗಳಲ್ಲಿ ಬೆಳಗಾವಿಯದೂ ಒಂದು. ಆ ಬಗೆಯ ಅಳತೆಯ ಚೀಲವನ್ನೇ ಕೇಂದ್ರವಾಗಿಟ್ಟುಕೊಂಡು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2023ರಲ್ಲಿ ಬಂತು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ಅಲ್ಲಿ ಶೇ. 60ರಷ್ಟು ಇಳಿಯಿತು.

ನಿಮ್ಮ ಆಶಾಗಳು ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾರಲ್ಲ, ಅದರ ಬೇರು ಕೂಡ ಸಂಶೋಧನೆಯಲ್ಲೇ ಇದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 39 ಹಳ್ಳಿಗಳ ಹೆಂಗಸರಿಗೆ ನವಜಾತ ಶಿಶುವನ್ನು ತೂಗಲು, ಬೆಚ್ಚಗಿಡಲು, ನಂಜು ಗುರುತಿಸಿ ಚಿಕಿತ್ಸೆ ಕೊಡಲು ಕಲಿಸಿದರು. ಹೋಲಿಕೆಗೆಂದಿಟ್ಟುಕೊಂಡ 47 ಹಳ್ಳಿಗಳಿಗಿಂತ ಅಲ್ಲಿ ಮೂರನೆಯ ವರ್ಷಕ್ಕೆ ನವಜಾತ ಶಿಶುಗಳ ಮರಣ ಶೇ. 62ರಷ್ಟು ತಗ್ಗಿತು. 1999ರಲ್ಲಿ ಅದು ಪ್ರಕಟವಾಯಿತು, 2011ರಲ್ಲಿ ದೇಶದ ಆಶಾಗಳ ಕೆಲಸವಾಯಿತು.

ನಿಜ ಹೇಳಿ ಎಂದಿರಿ, ಆದ್ದರಿಂದ ಇದನ್ನೂ ಹೇಳುತ್ತೇನೆ. ಬೆಳಗಾವಿ ಮತ್ತು ಬಾಗಲಕೋಟೆಯಲ್ಲಿ ಗರ್ಭಿಣಿಯರ ಬಿಪಿಯನ್ನು ಮನೆಯಲ್ಲೇ ಆಶಾಗಳು ನೋಡಿ ಅಪಾಯ ಗುರುತಿಸುವ ಪ್ರಯೋಗ ನಡೆದಿತ್ತು. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲೂ ಅದೇ ಪ್ರಯೋಗವಿತ್ತು. 2020ರಲ್ಲಿ ಫಲಿತಾಂಶ ಬಂದಾಗ, ಒಟ್ಟಾರೆ ಸಾವುನೋವು ತಗ್ಗಲಿಲ್ಲವೆಂದು ಕಂಡಿತು. ಬಿಸಿಲಲ್ಲಿ ಬಿಪಿ ಯಂತ್ರ ಹೊತ್ತು ತಿರುಗಿದವರ ದುಡಿಮೆ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ. ಅಪಾಯ ಗುರುತಿಸುವುದೊಂದೇ ಸಾಲದು, ಗುರುತಿಸಿದ ಮೇಲೆ ತಾಯಿ ಹೋಗಿ ತಲಪುವ ಆಸ್ಪತ್ರೆಯೂ ಸಿದ್ಧವಿರಬೇಕು ಎಂದು ನಾನು ಅದರಿಂದ ಅರ್ಥ ಮಾಡಿಕೊಂಡಿದ್ದೇನೆ. ನನ್ನ ಬೇಸರ ಬೇರೆ. ಇಂಥ ಕೆಲಸದಲ್ಲಿ ದುಡಿದ ಎಷ್ಟು ಮಂದಿಗೆ ಕೊನೆಯಲ್ಲಿ ಏನು ಕಂಡಿತೆಂದು ಯಾರಾದರೂ ಕೂರಿಸಿ ಕನ್ನಡದಲ್ಲಿ ಹೇಳುತ್ತಾರೆ? ಮುಂದಿನ ಸಲ ತಂಡ ಬಂದಾಗ, ಕೆಲಸ ಒಪ್ಪಿಕೊಳ್ಳುವ ಮೊದಲೇ, ಫಲಿತಾಂಶವನ್ನು ಪಿಎಚ್‌ಸಿಯ ಮಾಸಿಕ ಸಭೆಯಲ್ಲಿ ಬಂದು ಹೇಳುವ ದಿನವನ್ನು ಬರೆಸಿಕೊಳ್ಳಿ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಅಂಗವಿಕಲರಿಗಾಗಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು). ಹಾಸಿಗೆ ಹಿಡಿದ ಅಂಗವಿಕಲರಿಗೆ ಬೆನ್ನಿನ ಹುಣ್ಣು ಬೇಸಿಗೆಯಲ್ಲಿ ಹೆಚ್ಚಾಗುವುದನ್ನು ಮೂರು ವರ್ಷದಿಂದ ಡೈರಿಯಲ್ಲಿ ಬರೆದಿದ್ದೇನೆ. ಇದು ಸಂಶೋಧನೆಯಾಗುತ್ತದೆಯೇ?

ಉತ್ತರ: ಸಂಶೋಧನೆ ಹುಟ್ಟುವುದೇ ಇಂಥ ಡೈರಿಯಲ್ಲಿ. ಈ ಬೇಸಿಗೆಯಿಂದ ಹೆಸರಿನ ಬದಲು ಸಂಖ್ಯೆ ಬರೆಯಿರಿ. ಯಾರ ಸಂಖ್ಯೆ ಯಾವುದೆಂಬ ಚೀಟಿ ಬೇರೆ ಕಡೆ ಭದ್ರವಾಗಿರಲಿ. ಹುಣ್ಣು ಕಂಡ ದಿನ, ದೇಹದ ಯಾವ ಭಾಗ, ರೂಪಾಯಿ ನಾಣ್ಯಕ್ಕಿಂತ ದೊಡ್ಡದೋ ಚಿಕ್ಕದೋ, ಚಾಪೆಯೋ ಹಾಸಿಗೆಯೋ, ದಿನಕ್ಕೆ ಎಷ್ಟು ಸಲ ಮಗ್ಗುಲು ಬದಲಿಸುತ್ತಾರೆ, ಮನೆಯ ಮೇಲೆ ತಗಡೋ ಹೆಂಚೋ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂಬುದನ್ನು ಪ್ರತಿ ಭೇಟಿಯಲ್ಲೂ ಒಂದೇ ಕ್ರಮದಲ್ಲಿ ಬರೆಯಿರಿ. ಹುಣ್ಣಾಗದವರ ವಿವರವನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕು. ಅದಿಲ್ಲದೆ ಹೋಲಿಸಲು ಬರುವುದಿಲ್ಲ. ಫೋಟೊ ತೆಗೆಯಬೇಡಿ.

ಆಮೇಲೆ ನಿಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗಕ್ಕೆ ಡೈರಿಯೊಡನೆ ಹೋಗಿ. ಪ್ರಕಟಿಸುವ ಉದ್ದೇಶದಿಂದ ಮುಂದುವರಿಯುವುದಾದರೆ ನೈತಿಕತಾ ಸಮಿತಿಯ ಅನುಮತಿ ಅವರು ಪಡೆಯಬೇಕು, ಆ ಮನೆಗಳವರ ಒಪ್ಪಿಗೆಯನ್ನೂ. ಪ್ರಶ್ನೆ ನಿಮ್ಮದಾಗಿ, ಮಾಹಿತಿ ನಿಮ್ಮದಾಗಿ, ಬರವಣಿಗೆಯಲ್ಲೂ ನೀವು ಕೈಜೋಡಿಸಿದರೆ ಪ್ರಬಂಧದ ಲೇಖಕರಲ್ಲಿ ನಿಮ್ಮ ಹೆಸರು ಬರಬೇಕು. ಈ ಮಾತನ್ನು ಮೊದಲ ಭೇಟಿಯಲ್ಲೇ ಆಡಿಬಿಡಿ. ಡೈರಿಯ ಮೂಲಪ್ರತಿಯನ್ನು ಯಾರಿಗೂ ಕೊಡಬೇಡಿ, ಜೆರಾಕ್ಸ್ ಕೊಡಿ.